ಮೀಟರಿಗಿಂತ ಮೊದಲು ಒಂದು ಕರಾರುಪತ್ರ: ಮುಖ್ಯ ವಿದ್ಯುತ್ ಪರಿವೀಕ್ಷಕರಿಗೆ ಬಹಿರಂಗ ಪತ್ರ

ಇವರಿಗೆ,
ಮುಖ್ಯ ವಿದ್ಯುತ್ ಪರಿವೀಕ್ಷಕರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ, ಮತ್ತು ಈಗ ಮನೆ ಕಟ್ಟಿಸುತ್ತಿರುವ ಎಲ್ಲರಿಗೂ.

ಮಾನ್ಯರೇ,

ಹೊಸ ಮನೆಗೆ ವಿದ್ಯುತ್ ಸಂಪರ್ಕ ಸಿಗಬೇಕಾದರೆ, ವೈರಿಂಗ್ ಮುಗಿದಿದೆ, ಪರೀಕ್ಷೆಯೂ ಆಗಿದೆ ಎಂದು ಹೇಳುವ ಕಂಪ್ಲೀಷನ್ ರಿಪೋರ್ಟಿಗೆ ಪರವಾನಗಿ ಪಡೆದ ಗುತ್ತಿಗೆದಾರರು ಸಹಿ ಮಾಡಿ ಮೊಹರು ಒತ್ತಬೇಕು. ಮನೆಯ ಮಾಲೀಕರ ಸಹಿಯೂ ಕಡತದಲ್ಲಿರುತ್ತದೆ. ಈ ಎರಡು ಸಹಿಗಳನ್ನು ನಂಬಿಯೇ ವಿದ್ಯುತ್ ಕಂಪನಿ ಮೀಟರ್ ಕೂರಿಸುತ್ತದೆ, ಆರ್.ಆರ್. ನಂಬರ್ ಕೊಡುತ್ತದೆ. ಆದರೆ ಸಹಿ ಮಾಡಿದ ಇಬ್ಬರ ನಡುವೆ ಯಾವ ಒಪ್ಪಂದವಾಗಿತ್ತು, ಯಾವ ಕೆಲಸಕ್ಕೆ ಎಷ್ಟು ಹಣ, ಕೆಟ್ಟರೆ ಯಾರು ಸರಿಮಾಡಬೇಕು ಎಂದು ಕೇಳುವ ಒಂದು ಕಾಲಂ ಕೂಡ ಆ ಕಡತದಲ್ಲಿಲ್ಲ. ಎಷ್ಟೋ ಸಲ ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದೇ ಇಲ್ಲ.

ನನ್ನ ಬೇಡಿಕೆ ಒಂದೇ. ಸಂಪರ್ಕದ ಅರ್ಜಿಯ ಜೊತೆಗೆ ಮಾಲೀಕರು ಮತ್ತು ಗುತ್ತಿಗೆದಾರರು ಸಹಿ ಮಾಡಿದ, ಕನ್ನಡದಲ್ಲಿರುವ, ಎರಡು ಪುಟ ಮೀರದ ಒಂದು ಮಾದರಿ ಕರಾರುಪತ್ರವನ್ನು ಕಡ್ಡಾಯ ಮಾಡಿ. ಅದೂ ಕೆಲಸ ಮುಗಿದ ಮೇಲೆ ಬರೆದದ್ದಲ್ಲ, ಮೊದಲ ಪೈಪು ಹಾಕುವ ಮುನ್ನ ಬರೆದದ್ದು.

ನಾನು ಹಾಸನದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ. ಹೀಗೆ ಬರೆದರೆ ನಮ್ಮ ಸಂಘದ ಕೆಲವರು ಮುನಿಸಿಕೊಳ್ಳುತ್ತಾರೆ, ಗೊತ್ತಿದೆ. ಆದರೆ ಕರಾರಿಲ್ಲದೆ ಹಣ ಕಳೆದುಕೊಂಡವರಲ್ಲಿ ಮನೆಯವರಷ್ಟೇ ಇಲ್ಲ, ನಮ್ಮವರೂ ಧಾರಾಳವಾಗಿ ಇದ್ದಾರೆ.

ಒಪ್ಪಂದ ಇವತ್ತು ಹೇಗೆ ನಡೆಯುತ್ತದೆ ಎಂಬುದನ್ನು ಕಚೇರಿಯಲ್ಲಿ ಕುಳಿತವರಿಗಾಗಿ ಹೇಳಬೇಕು. ಮಾಲೀಕರು ಕಟ್ಟಡದ ಮೇಸ್ತ್ರಿಯನ್ನು ಕೇಳುತ್ತಾರೆ. ಮೇಸ್ತ್ರಿ 'ನಮ್ಮ ಹುಡುಗ ಒಬ್ಬನಿದ್ದಾನೆ' ಎನ್ನುತ್ತಾನೆ. ಹುಡುಗ ಬಂದು ಇನ್ನೂ ಗೋಡೆ ಏಳುತ್ತಿರುವ ಮನೆಯನ್ನು ಒಂದು ಸುತ್ತು ಹಾಕಿ, ಚದರಕ್ಕೆ ಇಷ್ಟು ಅಥವಾ ಪಾಯಿಂಟಿಗೆ ಇಷ್ಟು ಎನ್ನುತ್ತಾನೆ. ಮಾಲೀಕರು ಅದರಲ್ಲಿ ಒಂದಿಷ್ಟು ಇಳಿಸುತ್ತಾರೆ. ಸಿಮೆಂಟ್ ಚೀಲದ ಚೂರಿನ ಮೇಲೋ ಇಟ್ಟಿಗೆಯ ಬಿಲ್ಲಿನ ಬೆನ್ನಿನ ಮೇಲೋ ಒಂದು ಅಂಕಿ ಬೀಳುತ್ತದೆ. ಅಡ್ವಾನ್ಸ್ ಕೈ ಬದಲಾಗುತ್ತದೆ. ಅಲ್ಲಿಗೆ ಕರಾರು ಮುಗಿಯಿತು.

ಬಾಯಿಮಾತಿನ ಕರಾರೂ ಕರಾರೇ. 1872ರ ಭಾರತೀಯ ಕರಾರು ಕಾಯ್ದೆಯ 10ನೆಯ ಕಲಮು ಎಲ್ಲ ಒಪ್ಪಂದವೂ ಬರಹದಲ್ಲೇ ಇರಬೇಕೆಂದು ಹೇಳುವುದಿಲ್ಲ. ತೊಂದರೆ ಇರುವುದು ಮಾತು ನಡೆದಾಗ ಇಬ್ಬರ ತಲೆಯಲ್ಲೂ ಬೇರೆ ಬೇರೆ ಮನೆ ಇರುತ್ತದೆ ಎಂಬುದರಲ್ಲಿ. 'ಪಾಯಿಂಟ್' ಅನ್ನೇ ತೆಗೆದುಕೊಳ್ಳಿ. ಹಾಲ್‌ನ ಒಂದು ಸ್ವಿಚ್ ಬೋರ್ಡಿನಲ್ಲಿ ಮೂರು ದೀಪ, ಒಂದು ಫ್ಯಾನ್, ಬೋರ್ಡಿನಲ್ಲೇ ಒಂದು ಪ್ಲಗ್ ಇದೆ ಎನ್ನಿ. ನಮ್ಮ ಲೆಕ್ಕದಲ್ಲಿ ಅದು ಐದು. ಮನೆಯವರ ಕಣ್ಣಿಗೆ ಅದು ಒಂದು ಬೋರ್ಡು. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ಚು. ದೀಪ ಒಂದೇ ಆದ್ದರಿಂದ ಒಂದು ಪಾಯಿಂಟ್ ಎನ್ನುತ್ತಾರೆ ಮನೆಯವರು, ಎರಡು ಕಡೆ ಗೋಡೆ ಕೊರೆದು ನಡುವೆ ಹೆಚ್ಚುವರಿ ತಂತಿ ಎಳೆದವನು ಎರಡು ಎನ್ನುತ್ತಾನೆ. ಮನೆಯ ಕರೆಂಟನ್ನು ಬೇರೆ ಬೇರೆ ಲೈನುಗಳಿಗೆ ಹಂಚುವ ಮುಖ್ಯ ಡಿ.ಬಿ. ಪೆಟ್ಟಿಗೆಯಿಂದ ಸ್ವಿಚ್ ಬೋರ್ಡಿನವರೆಗೆ ಬರುವ ಸರ್ಕ್ಯೂಟ್ ತಂತಿ ಪಾಯಿಂಟಿನ ದರದಲ್ಲಿ ಸೇರಿತೇ, ಹೊರಗೇ? ಗೀಸರ್ ಮತ್ತು ಏಸಿಗೆ ಪ್ರತ್ಯೇಕವಾಗಿ ಬರುವ 4 ಚದರ ಮಿಲಿಮೀಟರಿನ ಲೈನು ದೀಪದ ಪಾಯಿಂಟಿನ ದರಕ್ಕೇ ಬರಬೇಕೇ? ಟಿವಿ ಮತ್ತು ಇಂಟರ್ನೆಟ್‌ಗಾಗಿ ತಂತಿ ಹಾಕದೆ ಖಾಲಿ ಬಿಟ್ಟ ಪೈಪಿಗೆ ದರ ಉಂಟೇ? ಎಲ್ಲಕ್ಕಿಂತ ದೊಡ್ಡ ಜಗಳ ಯುಪಿಎಸ್‌ನದು. ಕರೆಂಟು ಹೋದಾಗ ಉರಿಯಬೇಕಾದ ದೀಪ ಮತ್ತು ಫ್ಯಾನುಗಳಿಗೆ ಬೇರೆಯದೇ ಲೈನು ಎಳೆಯಬೇಕು. ಮನೆಯವರು ಇದನ್ನು ನೆನಪಿಸಿಕೊಳ್ಳುವುದು ಗೋಡೆಗೆ ಗಾರೆ ಆದ ಮೇಲೆ.

ಸರ್ಕಾರಿ ಕಟ್ಟಡಗಳ ಕೆಲಸದಲ್ಲಿ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಪಾಯಿಂಟ್ ಎಂದರೆ ಎಲ್ಲಿಂದ ಎಲ್ಲಿಯವರೆಗೆ, ಅದರಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಬರೆದಿರುತ್ತಾರೆ. ಕೆಲಸವನ್ನು ಅಳತೆ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಬಿಲ್ಲು. 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯ ನೆರಳಿನಲ್ಲಿ ಬಂದ ಮಾದರಿ ಟೆಂಡರ್ ದಾಖಲೆಗಳಿವೆ: ಕೆಡಬ್ಲ್ಯೂ-1, ಕೆಡಬ್ಲ್ಯೂ-2, ಹೀಗೆ. ಅಂಗನವಾಡಿಯ ಸಣ್ಣ ದುರಸ್ತಿಗೂ ಸರ್ಕಾರ ತನ್ನ ಗುತ್ತಿಗೆದಾರನಿಂದ ಭದ್ರತಾ ಠೇವಣಿ ಇಟ್ಟುಕೊಳ್ಳುತ್ತದೆ, ದೋಷ ಕಂಡರೆ ಅವನ ಖರ್ಚಿನಲ್ಲೇ ಸರಿಮಾಡಿಸುತ್ತದೆ. ತನ್ನ ಹಣದ ವಿಷಯದಲ್ಲಿ ಇಷ್ಟು ಹುಷಾರಾಗಿರುವ ಸರ್ಕಾರ, ಜೀವಮಾನದ ಉಳಿತಾಯವನ್ನೆಲ್ಲ ಮೂವತ್ತು-ನಲವತ್ತರ ನಿವೇಶನದಲ್ಲಿ ಸುರಿಯುವ ಶಾಲಾ ಶಿಕ್ಷಕರಿಗೆ ಒಂದು ನಮೂನೆಯನ್ನೂ ಕೊಟ್ಟಿಲ್ಲ.

ಈಗ ನಿಮ್ಮ ಇಲಾಖೆಗೆ ನೇರವಾಗಿ ತಟ್ಟುವ ಮಾತಿಗೆ ಬರುತ್ತೇನೆ. ಬಳಕೆದಾರರ ಆವರಣದಲ್ಲಿ ವಿದ್ಯುತ್ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಇರುವ ಗುತ್ತಿಗೆದಾರರೇ ಮಾಡಬೇಕು, ಅರ್ಹತಾ ಪತ್ರವಿರುವ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲೇ ಆಗಬೇಕು ಎಂಬ ನಿಯಮ ಹೊಸತಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮ ಅದನ್ನೇ ಹೇಳಿತ್ತು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2010ರಲ್ಲಿ ತಂದ ಸುರಕ್ಷತಾ ನಿಬಂಧನೆಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಬಂಧನೆಗಳೂ ಅದನ್ನೇ ಮುಂದುವರಿಸಿವೆ. ಅಂದರೆ ಸುಮಾರು ಎಪ್ಪತ್ತು ವರ್ಷಗಳಿಂದ ಕಾಗದದಲ್ಲಿ ಇದು ಸ್ಪಷ್ಟ.

ನೆಲದ ಮೇಲೆ ನಡೆಯುವುದೇ ಬೇರೆ. ಕೆಲಸ ಮಾಡುವವನಿಗೆ ಪರವಾನಗಿ ಇರುವುದಿಲ್ಲ, ಅನೇಕ ಸಲ ವೈರ್‌ಮನ್ ಪರ್ಮಿಟ್ಟೂ ಇರುವುದಿಲ್ಲ. ಮೀಟರ್ ಬೇಕಾದಾಗ ಅವನು ಪರವಾನಗಿ ಇರುವ ಒಬ್ಬರ ಬಳಿ ಹೋಗಿ ಒಂದು ಮೊತ್ತ ಕೊಟ್ಟು ಸಹಿ ಹಾಕಿಸಿಕೊಂಡು ಬರುತ್ತಾನೆ. ಸಹಿ ಹಾಕಿದವರು ಆ ಮನೆಯ ಹೊಸ್ತಿಲು ತುಳಿದಿರುವುದಿಲ್ಲ. ಇದನ್ನು ನಮ್ಮ ವಲಯದಲ್ಲಿ ಯಾರೂ ಗುಟ್ಟಾಗಿ ಇಟ್ಟಿಲ್ಲ. ಉಪವಿಭಾಗದ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ನಿಂತರೆ ಸಹಿಯ ಈಗಿನ ದರ ಎಷ್ಟು ಎಂದು ಕಿವಿಗೆ ಬೀಳುತ್ತದೆ. ತನ್ನ ಪರವಾನಗಿಯನ್ನು ಹೀಗೆ ಬಾಡಿಗೆಗೆ ಬಿಡುವವರನ್ನು ನಾನು ಸಹೋದ್ಯೋಗಿ ಎಂದು ಕರೆಯುವುದಿಲ್ಲ.

ಇದರ ಫಲವನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಹಾಸನದ ಹೊರವಲಯದ ಒಂದು ಮನೆಗೆ, ಗೃಹಪ್ರವೇಶವಾಗಿ ಒಂದು ಮಳೆಗಾಲ ಕಳೆದ ಮೇಲೆ, ನನ್ನನ್ನು ಕರೆದರು. ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬುದು ದೂರು. ಡಿ.ಬಿ. ಪೆಟ್ಟಿಗೆಯ ಮುಖ ಚೆನ್ನಾಗಿತ್ತು. ಲೋಡು ಹೆಚ್ಚಾದರೆ ಲೈನು ಕಡಿಯುವ, ಒಳ್ಳೆಯ ಕಂಪನಿಯ ಎಂ.ಸಿ.ಬಿ.ಗಳ ಸಾಲು, ಅದರ ಪಕ್ಕದಲ್ಲಿ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದೆ. ಒತ್ತಿದೊಡನೆ ಕರೆಂಟು ಕಡಿಯಬೇಕು, ಏನೂ ಆಗಲಿಲ್ಲ. ಮುಚ್ಚಳ ಬಿಚ್ಚಿದರೆ ಒಳಬರುವ ಫೇಸ್ ಮತ್ತು ನ್ಯೂಟ್ರಲ್ ಎರಡೂ ಆರ್.ಸಿ.ಸಿ.ಬಿ.ಯನ್ನು ಬದಿಗಿಟ್ಟು ಸೀದಾ ಬಸ್‌ಬಾರಿಗೂ ನ್ಯೂಟ್ರಲ್ ಲಿಂಕಿಗೂ ಹೋಗಿದ್ದವು. ಅಷ್ಟು ಬೆಲೆಯ ಉಪಕರಣ ಅಲಂಕಾರಕ್ಕೆ ನಿಂತಿತ್ತು.

ಯಾಕೆ ಹೀಗೆ ಮಾಡಿದರು ಎಂದು ಊಹಿಸಬೇಕಾಗಿಯೂ ಬರಲಿಲ್ಲ. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಮನೆಯ ಬೇರೆ ನ್ಯೂಟ್ರಲ್ಲಿಗೆ ನಡುವಿನ ಬಾಕ್ಸೊಂದರಲ್ಲಿ ಸೇರಿಸಿದ್ದರು. ಹಾಗೆ ಮಾಡಿದರೆ ಹೋದ ಕರೆಂಟು ಅದೇ ದಾರಿಯಲ್ಲಿ ಮರಳುವುದಿಲ್ಲ, ಎಲ್ಲೋ ಸೋರುತ್ತಿದೆ ಎಂದು ತಿಳಿದು ಆರ್.ಸಿ.ಸಿ.ಬಿ. ಪದೇ ಪದೇ ತಾನೇ ಆಫ್ ಆಗುತ್ತದೆ. ತಪ್ಪು ಹುಡುಕಬೇಕೆಂದರೆ ಬಾಕ್ಸುಗಳನ್ನೆಲ್ಲ ಬಿಚ್ಚಬೇಕು, ಅರ್ಧ ದಿನದ ಕೆಲಸ. ಮಾರನೆಯ ದಿನ ಗೃಹಪ್ರವೇಶ, ಪುರೋಹಿತರು ಬೆಳಗಿನ ಜಾವಕ್ಕೇ ಬರುತ್ತಾರೆ. ಹುಡುಗ ಎರಡು ತುಂಡು ತಂತಿ ಹಾಕಿ ಆರ್.ಸಿ.ಸಿ.ಬಿ.ಯ ಕತೆ ಮುಗಿಸಿದ. ಅರ್ಥಿಂಗ್ ನೋಡಿದೆ. ಅದಕ್ಕೆಂದು ನೆಲ ತೋಡಿದ್ದ ಗುಂಡಿಯ ಜಾಗದಲ್ಲಿ ಮೊಣಕಾಲುದ್ದವೂ ಇಲ್ಲದ ಪೈಪಿನ ತುಂಡು ಸಿಕ್ಕಿತು. ಅರ್ಥಿಂಗ್‌ನ ಭಾರತೀಯ ಮಾನಕ ಐಎಸ್ 3043 ಪೈಪಿಗೆ ಕನಿಷ್ಠ ಎರಡೂವರೆ ಮೀಟರ್ ಉದ್ದ ಹೇಳುತ್ತದೆ. ಸಕಲೇಶಪುರದ ಕಡೆಯ ಒದ್ದೆ ಮಣ್ಣಿನಲ್ಲಿ ಅರೆಬರೆ ಅರ್ಥಿಂಗ್ ಹೇಗೋ ದಿನ ದೂಡೀತು, ಅರಸೀಕೆರೆ ಕಡೆಯ ಒಣ ನೆಲದಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಆ ಮನೆಯ ಕಂಪ್ಲೀಷನ್ ರಿಪೋರ್ಟಿನ ನಕಲು ಮಾಲೀಕರ ಬಳಿ ಇತ್ತು. ಇನ್ಸುಲೇಷನ್ ರೆಸಿಸ್ಟೆನ್ಸ್, ಅರ್ಥ್ ರೆಸಿಸ್ಟೆನ್ಸ್ ಎರಡರ ಎದುರೂ ಚಂದದ ಅಂಕಿಗಳು. ಇನ್ಸುಲೇಷನ್ ಅಳೆಯುವ ಉಪಕರಣವಾದ 500 ವೋಲ್ಟಿನ ಮೆಗ್ಗರ್ ಆ ಮನೆಗೆ ಬಂದಿದ್ದಕ್ಕೆ ಯಾವ ಕುರುಹೂ ಇಲ್ಲ. ಕೆಳಗಿದ್ದ ಸಹಿ ಬೇರೆ ತಾಲ್ಲೂಕಿನ ಯಾರದೋ. ಮಾಲೀಕರು ಹಣ ಕೊಟ್ಟದ್ದು ಹುಡುಗನಿಗೆ, ಅದೂ ನಗದಾಗಿ. ಮಾತಾಡಿದ್ದು ಮೇಸ್ತ್ರಿಯ ಜೊತೆ. ಸಾಮಾನು ತಂದದ್ದು ಮೇಸ್ತ್ರಿ ತೋರಿಸಿದ ಅಂಗಡಿಯಿಂದ. ಈಗ ಯಾರನ್ನು ಕೇಳಬೇಕು? ಹುಡುಗ ಬೆಂಗಳೂರಿನಲ್ಲಿ ಬೇರೆ ಸೈಟಿನಲ್ಲಿದ್ದಾನೆ. ಮೇಸ್ತ್ರಿ 'ಕರೆಂಟಿನದು ನನಗೇನು ಗೊತ್ತು' ಎಂದ. ಸಹಿದಾರರು ಫೋನಿನಲ್ಲಿ 'ನಿಮಗೂ ನನಗೂ ಏನು ಕರಾರು?' ಎಂದು ಮರುಪ್ರಶ್ನೆ ಹಾಕಿದರು. ವಿದ್ಯುತ್ ಕಂಪನಿಯವರ ಉತ್ತರ ಎಂದಿನದು: ಮೀಟರ್ ದಾಟಿದ ಮೇಲೆ ನಮ್ಮದಲ್ಲ.

ಸಹಿದಾರರ ಆ ಮರುಪ್ರಶ್ನೆಯಲ್ಲೇ ನನ್ನ ಈ ಪತ್ರದ ಕಾರಣವಿದೆ. ಕರಾರೇ ಇಲ್ಲದವರು ಪರೀಕ್ಷೆ ಮಾಡಿದೆನೆಂದು ನಿಮ್ಮ ವ್ಯವಸ್ಥೆಗೆ ಬರೆದುಕೊಡಬಹುದು, ಅದನ್ನು ವ್ಯವಸ್ಥೆ ಒಪ್ಪುತ್ತದೆ! 15 ಮೀಟರಿಗಿಂತ ಎತ್ತರದ ಕಟ್ಟಡವಾದರೆ ಮೊದಲೇ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು, ತಪಾಸಣೆ ಆಗುತ್ತದೆ. ಒಂದು ಎರಡು ಮಹಡಿಯ ಮನೆಗೆ ನಿಮ್ಮ ಕಣ್ಣು ಎಂದರೆ ಗುತ್ತಿಗೆದಾರರ ಸಹಿ ಮಾತ್ರ. ಸಾವು ಸಂಭವಿಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೆಯ ಕಲಮಿನಡಿ ವಿಚಾರಣೆಗೆ ಬರುವವರು ನೀವೇ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆ. ಅವೆಲ್ಲ ಮನೆಯ ವೈರಿಂಗಿನಿಂದ ಆದವಲ್ಲ, ಹರಿದುಬಿದ್ದ ಲೈನುಗಳೂ ಪಂಪ್‌ಸೆಟ್‌ಗಳೂ ಅದರಲ್ಲಿ ಸೇರಿವೆ. ಆದರೂ ಸಾವಿನ ನಂತರದ ವಿಚಾರಣೆಯಲ್ಲಿ ಕೇಳುವ ಪ್ರಶ್ನೆಗಳನ್ನು ಮೀಟರಿನ ಮುಂಚೆಯೇ ಒಂದು ಹಾಳೆಯಲ್ಲಿ ಕೇಳಿದರೆ ಕಳೆದುಕೊಳ್ಳುವುದೇನು?

ನಮ್ಮ ಕಡೆಯ ಕತೆಯೂ ಇದೆ, ಅದನ್ನು ಬಿಟ್ಟರೆ ಪತ್ರ ಒಮ್ಮುಖವಾಗುತ್ತದೆ.

ಗೃಹಪ್ರವೇಶದ ಆಮಂತ್ರಣ ಅಚ್ಚಾಗುವವರೆಗೆ ಮಾಲೀಕರಿಗೆ ನಮ್ಮ ಅಗತ್ಯ. ಅಲ್ಲಿಯವರೆಗೆ ಗುತ್ತಿಗೆದಾರ ಕೇಳಿದ್ದೇ ದರ, ಇದನ್ನು ದುರುಪಯೋಗ ಮಾಡಿಕೊಳ್ಳುವವರು ಇದ್ದಾರೆ. ಆ ದಿನ ದಾಟಿತೋ, ತಕ್ಕಡಿ ಪೂರ್ತಿ ಆಚೆಗೆ ವಾಲುತ್ತದೆ. ಅಂದು ನಮ್ಮನ್ನು ಮಣೆಯ ಮೇಲೆ ಕೂರಿಸಿ ಪಂಚೆ, ಶಲ್ಯ, ತಾಂಬೂಲ ಕೊಟ್ಟು ಗೌರವಿಸುತ್ತಾರೆ. ಬಾಕಿಯ ಮಾತು ಎತ್ತಿದರೆ 'ಇವತ್ತು ಬೇಡ, ಶುಭ ದಿನ' ಎನ್ನುತ್ತಾರೆ. ಆಮೇಲೆ ಫೋನು ಎತ್ತುವುದಿಲ್ಲ. ಮಲೆನಾಡಿನಲ್ಲಿ ಕಾಫಿ ಕೊಯ್ಲಾಗಲಿ ಎನ್ನುತ್ತಾರೆ, ಇತ್ತ ಕೊಬ್ಬರಿ ಬೆಲೆ ಏರಲಿ ಎನ್ನುತ್ತಾರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಮಾಡಿದ ಕೆಲಸದ ಹಣಕ್ಕೆ, ಪಾವತಿಯ ದಿನ ಗೊತ್ತುಮಾಡಿಕೊಂಡಿರದಿದ್ದರೆ, ಕೆಲಸ ಮುಗಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದರೆ ಕೆಲಸ ಮುಗಿದದ್ದು ಯಾವತ್ತು ಎನ್ನುವುದಕ್ಕೂ ನಮ್ಮ ಬಳಿ ಕಾಗದವಿಲ್ಲ. ಬಾಕಿ ಇಪ್ಪತ್ತು ಸಾವಿರವಾದರೆ ವಕೀಲರ ಬಳಿ ಹೋಗುವುದಕ್ಕಿಂತ ಮರೆಯುವುದೇ ಅಗ್ಗ. ಮರೆತವನು ಮುಂದಿನ ಮನೆಯಲ್ಲಿ 2.5 ಚದರ ಮಿಲಿಮೀಟರಿನ ತಂತಿ ಹಾಕಬೇಕಾದ ಕಡೆ 1.5ರ ತೆಳು ತಂತಿ ಎಳೆದು ಅದನ್ನು ವಸೂಲು ಮಾಡಿಕೊಳ್ಳುತ್ತಾನೆ. ಹೀಗೆ ಒಂದು ಮನೆಯ ಸಾಲ ಇನ್ನೊಂದು ಮನೆಯ ಗೋಡೆಯೊಳಗೆ ಸೇರುತ್ತದೆ.

ಎಕ್ಸ್‌ಟ್ರಾ ಕೆಲಸದ್ದು ಇನ್ನೊಂದು ಪುರಾಣ. 'ಇಲ್ಲೊಂದು ಪ್ಲಗ್ ಹಾಕಿಬಿಡಿ', 'ತುಳಸಿ ಕಟ್ಟೆಗೆ ಒಂದು ದೀಪ', 'ದೇವರ ಮನೆಯ ಮೇಲೆ ಒಂದು ಸಣ್ಣದು'. ಹೇಳುವವರು ಒಬ್ಬರಲ್ಲ. ಯಜಮಾನರು, ಯಜಮಾನತಿ, ದುಬೈಯಿಂದ ವಿಡಿಯೋ ಕರೆಯಲ್ಲಿ ಮಗ, ವಾಸ್ತು ನೋಡಲು ಬಂದ ಭಾವಮೈದುನ. ಕೊನೆಗೆ ಲೆಕ್ಕ ಕೊಟ್ಟರೆ 'ಇದನ್ನೆಲ್ಲ ಯಾರು ಹೇಳಿದರು?' ಎಂಬ ಆಶ್ಚರ್ಯ. ಪುಕ್ಕಟೆಗೆಂದು ಉದ್ದೇಶಿಸದ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕೆಂದು ಕರಾರು ಕಾಯ್ದೆಯ 70ನೆಯ ಕಲಮು ಹೇಳುತ್ತದೆ, ನಿಜ. ತುಳಸಿ ಕಟ್ಟೆಯ ದೀಪಕ್ಕಾಗಿ ಕಲಮು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋಗುವವರು ಯಾರು?

ತಾಮ್ರದ ಬೆಲೆ ಬೇರೆ. ತಾರಸಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವ ದಿನ ಪೈಪು ಕೂರಿಸುತ್ತೇವೆ. ತಂತಿ ಎಳೆಯುವುದು ಗಾರೆ ಮುಗಿದ ಮೇಲೆ. ನಡುವೆ ಆರೇಳು ತಿಂಗಳು ಹೋದದ್ದೂ ಉಂಟು, ಮನೆಸಾಲದ ಕಂತು ಬಿಡುಗಡೆಯಾಗದಿದ್ದರೆ ವರ್ಷವೂ ಆಗುತ್ತದೆ. 2021ರ ಮೇ ತಿಂಗಳಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 10,000 ಡಾಲರ್ ದಾಟಿದಾಗ, ಹಿಂದಿನ ವರ್ಷದ ದರಕ್ಕೆ ಸಾಮಾನು ಸೇರಿಸಿ ಒಪ್ಪಿಕೊಂಡಿದ್ದವರು 90 ಮೀಟರಿನ ಪ್ರತಿ ಸುರುಳಿಯಲ್ಲೂ ಕೈಯಿಂದ ಹಾಕಿದರು. ಬೆಲೆ ಇಷ್ಟಕ್ಕಿಂತ ಹೆಚ್ಚು ಏರಿದರೆ ವ್ಯತ್ಯಾಸ ಮಾಲೀಕರದ್ದು, ಇಳಿದರೆ ಲಾಭವೂ ಅವರದ್ದೇ ಎಂದು ಒಂದು ಸಾಲು ಇದ್ದಿದ್ದರೆ ಯಾರೂ ಕೀಳು ತಂತಿ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಮೀಟರಿನದೂ ಇದೇ ಪಾಡು. 'ಮೀಟರ್ ಸೇರಿ ಇಷ್ಟು' ಎಂದು ಮಾತು ಕೊಟ್ಟಿದ್ದವರಿಗೆ 2025ರಲ್ಲಿ ಹೊಸ ಸಂಪರ್ಕಗಳಿಗೆ ದುಬಾರಿ ಸ್ಮಾರ್ಟ್ ಮೀಟರ್ ಬಂತು. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಕ್ಷೆಯಂತೆ ಕಟ್ಟಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದ ಮನೆಗಳಿಗೆ ಸಂಪರ್ಕವೇ ನಿಂತು, ಕೆಲಸ ಮುಗಿಸಿದ ಗುತ್ತಿಗೆದಾರರ ಕೊನೆಯ ಕಂತೂ ಅದರ ಜೊತೆ ನಿಂತಿತು. ನಕ್ಷೆ ಮೀರಿ ಕಟ್ಟಿದ್ದು ಯಾರು, ಕಂತು ತಡೆಹಿಡಿದದ್ದು ಯಾರಿಗೆ!

ಸರ್ಕಾರ ಖಾಸಗಿಯವರ ನಡುವಿನ ಕರಾರಿನಲ್ಲಿ ಮೂಗು ತೂರಿಸಬಾರದು ಎಂದು ನಿಮ್ಮ ಕಾನೂನು ವಿಭಾಗ ಹೇಳಬಹುದು. ಆಗಲೇ ತೂರಿಸಿದೆ, ಮತ್ತು ಒಳ್ಳೆಯದೇ ಆಗಿದೆ. ಬಿಲ್ಡರುಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯಡಿ ಕರ್ನಾಟಕ 2017ರಲ್ಲಿ ಮಾಡಿದ ನಿಯಮಗಳಲ್ಲಿ ಫ್ಲಾಟ್ ಮಾರಾಟದ ಮಾದರಿ ಕರಾರು ಇದೆ. ಅದೇ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಮಗಾರಿಯ ದೋಷ ಕಂಡುಬಂದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಅಪಾರ್ಟ್‌ಮೆಂಟಿನ ಆರನೆಯ ಮಹಡಿಯ ಕುಟುಂಬಕ್ಕೆ ಈ ರಕ್ಷಣೆ ಇದೆ. ಸ್ವಂತ ನಿವೇಶನದಲ್ಲಿ ಒಂದು ಮನೆ ಕಟ್ಟಿಸುವವರಿಗೆ ಇಲ್ಲ. ಅವರಿಗೆ ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ನಿರ್ಮಾಣ ಅದರಲ್ಲಿ 'ಸೇವೆ'ಯ ವ್ಯಾಖ್ಯೆಯೊಳಗೇ ಇದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಅಲ್ಲಿಯೂ ಮೊದಲು ಕೇಳುವುದು ಇದನ್ನೇ: ಸೇವೆ ಕೊಟ್ಟವರು ಯಾರು, ಹಣ ಕೊಟ್ಟದ್ದಕ್ಕೆ ರಸೀದಿ ಎಲ್ಲಿ?

ಹಾಗಾದರೆ ಆ ಎರಡು ಪುಟದಲ್ಲಿ ಏನಿರಬೇಕು? ಮೊದಲಿಗೆ ಗುತ್ತಿಗೆದಾರರ ಹೆಸರು, ಪರವಾನಗಿ ಸಂಖ್ಯೆ, ಅದು ಊರ್ಜಿತವಿರುವ ಕೊನೆಯ ದಿನಾಂಕ, ಉಸ್ತುವಾರಿ ನೋಡುವ ಮೇಲ್ವಿಚಾರಕರ ಪರ್ಮಿಟ್ ಸಂಖ್ಯೆ. ಕಂಪ್ಲೀಷನ್ ರಿಪೋರ್ಟಿಗೆ ಸಹಿ ಮಾಡುವವರೂ ಕರಾರಿಗೆ ಸಹಿ ಮಾಡುವವರೂ ಒಬ್ಬರೇ ಆಗಿರಬೇಕು, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗಬಾರದು. ಸಹಿಯ ಬಾಡಿಗೆ ವ್ಯಾಪಾರಕ್ಕೆ ಇಷ್ಟು ಸಾಕು. ಏಕೆಂದರೆ ಕರಾರಿಗೆ ಸಹಿ ಮಾಡಿದವರು ನಾಳೆ 'ನಿಮಗೂ ನನಗೂ ಏನು' ಎನ್ನಲಾರರು. ಮೇಸ್ತ್ರಿಯ ಅಥವಾ ಕಟ್ಟಡ ಗುತ್ತಿಗೆದಾರನ ಮೂಲಕ ಕೆಲಸ ಬಂದಿದ್ದರೆ ಅವನೂ ಮೂರನೆಯವನಾಗಿ ಸಹಿ ಹಾಕಲಿ, ಹಣ ಅವನ ಕೈಯಲ್ಲಿ ನಿಂತರೆ ಯಾರನ್ನು ಕೇಳಬೇಕೆಂದು ನಮಗೂ ಗೊತ್ತಿರುತ್ತದೆ.

ಪಾಯಿಂಟ್ ಎಂದರೇನು ಎಂಬುದನ್ನು ನಮೂನೆಯಲ್ಲೇ ಅಚ್ಚು ಹಾಕಿಸಿ. ದೀಪ, ಫ್ಯಾನ್, 6 ಆಂಪಿಯರ್ ಪ್ಲಗ್, 16 ಆಂಪಿಯರ್ ಪ್ಲಗ್, ಎರಡು ಕಡೆ ಸ್ವಿಚ್ ಇರುವ ದೀಪ, ಯುಪಿಎಸ್ ಲೈನು, ಖಾಲಿ ಪೈಪು: ಒಂದೊಂದಕ್ಕೂ ಒಂದು ಸಾಲು, ಎದುರಿಗೆ ಸಂಖ್ಯೆ ಮತ್ತು ದರ. ತಂತಿಯ ಗಾತ್ರ, ಯಾವ ಕಂಪನಿಯದು, ಐಎಸ್‌ಐ ಗುರುತು ಉಂಟೇ ಎಂಬುದಕ್ಕೆ ಜಾಗ ಬಿಡಿ. ಸಾಮಾನು ಮಾಲೀಕರದ್ದಾದರೆ ಅಂಗಡಿಯ ಬಿಲ್ಲು ಅವರ ಹೆಸರಿಗೇ ಇರಲಿ. ಅಂಗಡಿಯಿಂದ ನಮ್ಮವರಿಗೆ ಸಿಗುವ ಕಮಿಷನ್ ಆ ಬಿಲ್ಲಿನಲ್ಲೇ ರಿಯಾಯಿತಿಯಾಗಿ ಕಾಣಲಿ, ಅದಕ್ಕೆ ಬದಲು ನಮ್ಮ ಕೂಲಿಯನ್ನು ನ್ಯಾಯವಾಗಿ ಕೊಡಲಿ.

ಹಣದ ಕಂತುಗಳನ್ನು ಕೆಲಸದ ಹಂತಕ್ಕೆ ಕಟ್ಟಿ: ಮೋಲ್ಡಿನ ಪೈಪು, ಗೋಡೆಯ ಪೈಪು ಮತ್ತು ಬಾಕ್ಸ್, ತಂತಿ, ಸ್ವಿಚ್ಚು ಮತ್ತು ಡಿ.ಬಿ. ಕೊನೆಯ ಕಂತು ಗೃಹಪ್ರವೇಶಕ್ಕಾಗಲಿ ಮೀಟರಿಗಾಗಲಿ ಅಂಟಿಕೊಂಡಿರಬಾರದು, ಪರೀಕ್ಷೆಗೆ ಅಂಟಿಕೊಂಡಿರಬೇಕು. ಮಾಲೀಕರ ಎದುರಿನಲ್ಲಿ ಮೆಗ್ಗರ್ ಹಾಕಿ ಓದು ತೋರಿಸಿ, ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಅವರ ಕೈಯಲ್ಲೇ ಒತ್ತಿಸಿ, ಅರ್ಥಿಂಗ್ ಗುಂಡಿ ಮುಚ್ಚುವ ಮೊದಲು ಪೈಪಿನ ಉದ್ದ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದು ಅಂಟಿಸಿದ ಮೇಲೆ ಏಳು ದಿನದಲ್ಲಿ ಹಣ. ಮೀಟರ್ ತಡವಾದದ್ದು ನಕ್ಷೆಯ ದೋಷದಿಂದಾದರೆ ಅದು ನಮ್ಮ ಹೊಣೆಯಲ್ಲ ಎಂದು ಬರೆಯಿರಿ. ನೂರಕ್ಕೆ ಐದರಷ್ಟನ್ನು ಒಂದು ವರ್ಷ ಮಾಲೀಕರು ಇಟ್ಟುಕೊಳ್ಳಲಿ, ದೋಷ ಬಂದರೆ ನಾವು ಬಂದು ಸರಿಮಾಡಬೇಕು, ಬರದಿದ್ದರೆ ಆ ಹಣದಲ್ಲಿ ಬೇರೆಯವರಿಂದ ಮಾಡಿಸಿಕೊಳ್ಳಲಿ. ಎಕ್ಸ್‌ಟ್ರಾ ಕೆಲಸಕ್ಕೆ ಹಿಂಬದಿಯಲ್ಲಿ ಖಾಲಿ ಪಟ್ಟಿ ಇರಲಿ. ಸಹಿ ಮಾಡುವ ಅಧಿಕಾರ ಮನೆಯಲ್ಲಿ ಯಾರಿಗೆ ಎಂದು ಮೊದಲೇ ಹೆಸರಿಸಲಿ. ಭಾವಮೈದುನನನ್ನು ಅದರಿಂದ ಹೊರಗಿಟ್ಟರೆ ರಾಜ್ಯದ ಗುತ್ತಿಗೆದಾರರೆಲ್ಲ ನಿಮಗೆ ಋಣಿಯಾಗಿರುತ್ತಾರೆ.

ಮುಗಿದ ವೈರಿಂಗಿನ ನಕ್ಷೆಯನ್ನು ಮಾಲೀಕರಿಗೆ ಕೊಡುವುದೂ ಕರಾರಿನ ಭಾಗವಾಗಬೇಕು. ಯಾವ ಗೋಡೆಯಲ್ಲಿ ಪೈಪು ಎಲ್ಲಿ ಹೋಗಿದೆ, ಡಿ.ಬಿ.ಯ ಯಾವ ಎಂ.ಸಿ.ಬಿ. ಯಾವ ಕೋಣೆಯದು ಎಂಬ ಕೈಬರಹದ ಚಿತ್ರವಾದರೂ ಸಾಕು. ಫೋಟೋ ತೂಗುಹಾಕಲು ಮೊಳೆ ಹೊಡೆದು ತಂತಿಗೆ ತಾಗಿಸಿದ ಮನೆಗಳಿಗೆ ಹೋಗಿ ಬಂದವರಿಗೆ ಇದರ ಬೆಲೆ ಗೊತ್ತು.

ಇಷ್ಟು ಕೇಳಿದ ಮೇಲೆ ಒಂದು ಭಯವನ್ನೂ ಹೇಳಿಬಿಡುತ್ತೇನೆ. ಹೊಸ ಕಾಗದ ಎಂದರೆ ನಮ್ಮ ರಾಜ್ಯದಲ್ಲಿ ಹೊಸ ಮೇಜು, ಹೊಸ ಮೇಜು ಎಂದರೆ ಹೊಸ ಕೈ. ಆದ್ದರಿಂದ ಈ ಕರಾರಿಗೆ ಯಾವ ಅಧಿಕಾರಿಯ ಅನುಮೋದನೆಯೂ ಬೇಡ. ದರ ಸರಿಯೇ, ಕಂತು ಸರಿಯೇ ಎಂದು ಶಾಖಾಧಿಕಾರಿ ನೋಡುವುದು ಬೇಡ. ಆನ್‌ಲೈನ್ ಅರ್ಜಿಯ ಜೊತೆ ಅದರ ಪ್ರತಿ ಏರಿಸಬೇಕು, ಪರವಾನಗಿ ಸಂಖ್ಯೆ ನಿಮ್ಮ ದಾಖಲೆಯೊಂದಿಗೆ ತಾಳೆಯಾಗುತ್ತದೆಯೇ ಎಂದು ಗಣಕಯಂತ್ರವೇ ನೋಡಬೇಕು, ಸಹಿಗಳಿವೆಯೇ ಎಂದಷ್ಟೇ ಕಂಪನಿ ಪರಿಶೀಲಿಸಬೇಕು. ಹಣದ ಅಂಕಿಗಳನ್ನು ಬೇಕಿದ್ದರೆ ಮರೆಮಾಡಿ ಏರಿಸಲು ಬಿಡಿ, ಸುರಕ್ಷತೆಯ ಭಾಗ ಕಂಡರೆ ಸಾಕು. ಒಂದೆರಡು ದೀಪದ ಬಡವರ ಮನೆಗಳನ್ನು ಇದರಿಂದ ಹೊರಗಿಡಿ. ಅಲ್ಲಿ ಕರಾರಿಗಿಂತ ಸರ್ಕಾರವೇ ಖರ್ಚು ಹಾಕಿ ಒಳ್ಳೆಯ ಅರ್ಥಿಂಗ್ ಮಾಡಿಸುವುದು ಮುಖ್ಯ.

ಪರ್ಮಿಟ್ ಇಲ್ಲದ ಹುಡುಗರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೀರಿ ಎಂದು ನನ್ನನ್ನು ಕೇಳಿದವರುಂಟು. ಅವರಲ್ಲಿ ಬಹಳ ಜನ ನನಗಿಂತ ಚೆನ್ನಾಗಿ ಪೈಪು ಬಗ್ಗಿಸುತ್ತಾರೆ. ಅವರಿಗೆ ಪರ್ಮಿಟ್ ಪಡೆಯುವ ದಾರಿ ಸುಗಮವಾಗಲಿ, ಪರೀಕ್ಷೆ ಜಿಲ್ಲಾ ಕೇಂದ್ರಗಳಲ್ಲೇ ಕನ್ನಡದಲ್ಲಿ ನಡೆಯಲಿ, ಐಟಿಐ ಓದದೆ ಕೈಯಿಂದ ಕಲಿತವರ ಅನುಭವವೂ ಲೆಕ್ಕಕ್ಕೆ ಬರಲಿ. ಅದು ನಿಮ್ಮ ಇಲಾಖೆಯ ಕೈಯಲ್ಲೇ ಇದೆ. ಅವರು ಕತ್ತಲಲ್ಲಿ ಕೆಲಸ ಮಾಡಿ, ಇನ್ನೊಬ್ಬರ ಮೊಹರಿನ ಕೆಳಗೆ ಅಡಗಿ, ಅಪಘಾತವಾದರೆ ಊರು ಬಿಡುವ ಈಗಿನ ಪದ್ಧತಿ ಅವರಿಗೂ ಅನ್ನ ಹಾಕುತ್ತಿಲ್ಲ.

ಆದೇಶ ಬರುವವರೆಗೆ ಮನೆ ಕಟ್ಟಿಸುವವರು ಕಾಯಬೇಕಾಗಿಲ್ಲ. ನಿಮ್ಮ ಗುತ್ತಿಗೆದಾರರನ್ನು ಪರವಾನಗಿಯ ಪ್ರತಿ ಕೇಳಿ. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೇ ನಿಲ್ಲಿಸಿ. ಅಡ್ವಾನ್ಸ್ ಬ್ಯಾಂಕಿನ ಮೂಲಕವೋ ಯುಪಿಐ ಮೂಲಕವೋ ಕೊಡಿ. ಕಂಪ್ಲೀಷನ್ ರಿಪೋರ್ಟಿಗೆ ನಿಮ್ಮ ಸಹಿ ಕೇಳಿದಾಗ ಖಾಲಿ ನಮೂನೆಗೆ ಸಹಿ ಮಾಡಬೇಡಿ, ಅಂಕಿ ತುಂಬಿದ ಮೇಲೆ, ಆ ಅಂಕಿ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಮಾಡಿ.

ಮಾನ್ಯರೇ, ಮೇಲೆ ಹೇಳಿದ ಎರಡು ಪುಟದ ಕರಡನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೂ ಆಯೋಗಕ್ಕೂ ಕಳುಹಿಸಿದ್ದೇನೆ. ಅದನ್ನೇ ಒಪ್ಪಿ ಎಂದು ಕೇಳುತ್ತಿಲ್ಲ. ನಿಮ್ಮ ಜಾಲತಾಣದಲ್ಲಿ ಹಾಕಿ, ಗುತ್ತಿಗೆದಾರರಿಂದಲೂ ಮಾಲೀಕರಿಂದಲೂ ಆಕ್ಷೇಪಣೆ ಕರೆಯಿರಿ. ಮಳೆಗಾಲ ಮುಗಿದು ಮೋಲ್ಡ್ ಹಾಕುವ ಕಾಲ ಶುರುವಾಗುವ ಮೊದಲು ಆದೇಶ ಹೊರಬಿದ್ದರೆ, ಆ ವರ್ಷದ ಮನೆಗಳಿಗಾದರೂ ಉಪಯೋಗಕ್ಕೆ ಬರುತ್ತದೆ. ಪೈಪು ಕಾಂಕ್ರೀಟಿನೊಳಗೆ ಹೋದ ಮೇಲೆ ಬರುವ ಕರಾರಿನಿಂದ ಯಾರಿಗೂ ಲಾಭವಿಲ್ಲ.

ಇಂತಿ ವಂದನೆಗಳೊಂದಿಗೆ,
ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ,
ಹಾಸನ